“ಆ ಇಂಜೆಕ್ಷನ್‌ನಿಂದಲೇ ಹೀಗಾಯ್ತಾ?” – ಕೋವಿಡ್ ಲಸಿಕೆಯ ಬಗ್ಗೆ ಸಂಘದ ಸಹೋದರಿಯರ ಪ್ರಶ್ನೆಗಳು



ಮೊನ್ನೆ ಒಂದು ಸಂಘದ ವಾರದ ಸಭೆಗೆ ಹೋಗಿದ್ದೆವು. ಉಳಿತಾಯ ಎಣಿಸಿ, ಸಾಲದ ಕಂತು ಬರೆದು, ನಿರ್ಣಯ ಪುಸ್ತಕಕ್ಕೆ ಎಲ್ಲರ ಸಹಿ ಆಯಿತು. ಎದ್ದು ಹೊರಡುವ ಹೊತ್ತಿಗೆ ಮೂಲೆಯಲ್ಲಿ ಕೂತಿದ್ದ ಒಬ್ಬ ತಾಯಿ ಮೆಲ್ಲಗೆ ಕೇಳಿದರು: “ಮೇಡಂ, ನಮ್ಮ ಮೊಮ್ಮಗಳಿಗೆ ಒಂಬತ್ತು ತಿಂಗಳು ತುಂಬ್ತು. ದಡಾರದ ಚುಚ್ಚುಮದ್ದು ಹಾಕಿಸ್ಬೇಕು ಅಂತ ನರ್ಸಮ್ಮ ಎರಡು ಸಲ ಹೇಳಿ ಕಳಿಸಿದ್ರು. ನಮ್ಮ ಮಗ ಬೇಡ ಅಂತಾನೆ. ಕೊರೊನಾ ಇಂಜೆಕ್ಷನ್ ಹಾಕಿಸ್ಕೊಂಡೋರಿಗೆಲ್ಲ ಹಾರ್ಟ್ ಅಟ್ಯಾಕ್ ಆಗ್ತಿದೆಯಂತಲ್ಲ, ಮಗೂಗೂ ಹಂಗೇನಾದ್ರೂ ಆದ್ರೆ?”

ಯಾರೂ ನಗಲಿಲ್ಲ. ಪಕ್ಕದಲ್ಲಿದ್ದವರು “ನಮ್ಮನೇಲೂ ಅದೇ ಮಾತು” ಅಂದರು. ಮತ್ತೊಬ್ಬರು ತಮ್ಮ ಭಾವನವರು ಹೊಲದಲ್ಲಿ ಕುಸಿದು ಬಿದ್ದು ತೀರಿಕೊಂಡದ್ದನ್ನು ಹೇಳಿದರು. ಅರ್ಧ ಗಂಟೆ ಅದೇ ಮಾತು ನಡೆಯಿತು. ಕೋವಿಡ್ ಲಸಿಕೆಯ ಶಿಬಿರಗಳು ಮುಗಿದು ವರ್ಷಗಳಾದರೂ ಅನುಮಾನ ಮಾತ್ರ ಮನೆಯೊಳಗೇ ಉಳಿದುಕೊಂಡಿದೆ. ಈಗ ಅದು ಮಕ್ಕಳ ಚುಚ್ಚುಮದ್ದಿಗೂ ಅಡ್ಡ ಬರುತ್ತಿದೆ. ಹಾಗಾಗಿ ಈ ಸಲದ ಪತ್ರದಲ್ಲಿ ನಮಗೆ ಖಚಿತವಾಗಿ ಗೊತ್ತಿರುವುದನ್ನು, ಒಳ್ಳೆಯದು ಕೆಟ್ಟದ್ದು ಎರಡನ್ನೂ, ನಿಮ್ಮ ಮುಂದೆ ಇಡುತ್ತಿದ್ದೇವೆ.

ಮೊದಲು ಜನ ಇರಲಿಲ್ಲ, ಆಮೇಲೆ ಲಸಿಕೆ ಇರಲಿಲ್ಲ

ನಮ್ಮ ದೇಶದಲ್ಲಿ ಕೋವಿಡ್ ಲಸಿಕೆ ಶುರುವಾದದ್ದು 2021ರ ಜನವರಿ 16ರಂದು. ಮೊದಲು ಆಸ್ಪತ್ರೆಯ ಸಿಬ್ಬಂದಿಗೆ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ. ಮಾರ್ಚ್ 1ರಿಂದ 60 ದಾಟಿದವರಿಗೆ, ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೆ. ಪುಣೆಯ ಸೀರಮ್ ಸಂಸ್ಥೆ ತಯಾರಿಸಿದ ಕೋವಿಶೀಲ್ಡ್, ಹೈದರಾಬಾದಿನ ಭಾರತ್ ಬಯೋಟೆಕ್‌ನ ಕೋವ್ಯಾಕ್ಸಿನ್, ಇವೆರಡೇ ಆಗ ಇದ್ದದ್ದು.

ಜನರ ಆಸೆ ಏನಿತ್ತು ಅಂತ ನೆನಪಿಸಿಕೊಳ್ಳಿ. ಸಂತೆ ತೆರೆಯಬೇಕು, ಮಕ್ಕಳು ಶಾಲೆಗೆ ಹೋಗಬೇಕು, ನಿಂತುಹೋದ ಸಾಲದ ಕಂತು ಕಟ್ಟಬೇಕು, ಸತ್ತವರ ಮುಖವನ್ನಾದರೂ ನೋಡುವಂತಾಗಬೇಕು. ಇಂಜೆಕ್ಷನ್ ಬಂದರೆ ಇದೆಲ್ಲ ಸರಿಹೋಗುತ್ತದೆ ಅಂತ ಕಾದವರೇ, ಅದು ಬಂದಾಗ ಹಿಂದೆ ಸರಿದರು. ಫೆಬ್ರವರಿ, ಮಾರ್ಚ್‌ನಲ್ಲಿ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇತ್ತು, ಜನ ಇರಲಿಲ್ಲ. ಕೋವಿಶೀಲ್ಡ್‌ನ ಒಂದು ಬಾಟಲಿಯಲ್ಲಿ ಹತ್ತು ಡೋಸ್. ಒಮ್ಮೆ ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಇಲ್ಲದಿದ್ದರೆ ಚೆಲ್ಲಬೇಕು. “ಇನ್ನೂ ನಾಲ್ಕು ಜನ ಬರ್ಲಿ, ಆಮೇಲೆ ಓಪನ್ ಮಾಡ್ತೀವಿ” ಅಂತ ನರ್ಸಮ್ಮ ಕೂರಿಸಿದ್ದು, ನಾವು ಮನೆಮನೆಗೆ ಹೋಗಿ ಜನರನ್ನು ಕರೆತಂದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಏಪ್ರಿಲ್ ಕೊನೆಗೆ ಎರಡನೇ ಅಲೆ ಏರಿತು. ಆಕ್ಸಿಜನ್ ಇಲ್ಲದೆ ಜನ ಸತ್ತ ಸುದ್ದಿ ಕೇಳಿದ್ದೇ ತಡ, ಬೆಳಗಿನ ಜಾವ ಐದಕ್ಕೇ ಸಾಲು ನಿಂತಿತು. ಆಗ ಲಸಿಕೆ ಇರಲಿಲ್ಲ. ನಮ್ಮ ರಾಜ್ಯದಲ್ಲಿ 18ರಿಂದ 44ರವರಿಗೆ ಮೇ 10ರಂದು ಆರಂಭಿಸಿ, ಕೊರತೆಯಿಂದ ಮೇ 14ಕ್ಕೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಕೋವಿನ್‌ನಲ್ಲಿ ಹೆಸರು ಹಾಕಿಸಲು ಫೋನ್ ಬೇಕು, ಓಟಿಪಿ ಬೇಕು. ಫೋನ್ ಗಂಡನ ಜೇಬಿನಲ್ಲಿ. ಹೊರಗೆ ದುಡಿಯುವ ಗಂಡಸಿಗೆ ಮೊದಲು, ಹೆಂಗಸಿಗೆ ಆಮೇಲೆ ಅನ್ನುವ ಮಾತು ಬೇರೆ. 2021ರ ಮಧ್ಯದಲ್ಲಿ ಇಡೀ ದೇಶದಲ್ಲಿ ಲಸಿಕೆ ಪಡೆದ ಹೆಂಗಸರ ಸಂಖ್ಯೆ ಗಂಡಸರಿಗಿಂತ ಕಡಿಮೆ ಇತ್ತು. ಇದಕ್ಕೆ ಹೆಂಗಸರ ಭಯವೊಂದೇ ಕಾರಣ ಅಂತ ಹೇಳಿದವರನ್ನು ನಾವು ಒಪ್ಪುವುದಿಲ್ಲ.

ಗೊಂದಲವೂ ಸಾಕಷ್ಟಿತ್ತು. ಕೋವಿಶೀಲ್ಡ್‌ನ ಎರಡನೇ ಡೋಸ್ ಮೊದಲು 28 ದಿನಕ್ಕೆ ಅಂದರು. ಮಾರ್ಚ್‌ನಲ್ಲಿ 6ರಿಂದ 8 ವಾರ ಅಂದರು. ಮೇ ತಿಂಗಳಲ್ಲಿ 12ರಿಂದ 16 ವಾರ ಅಂದರು. ಅಂತರ ಹೆಚ್ಚಾದರೆ ರಕ್ಷಣೆ ಹೆಚ್ಚು ಎಂಬ ಬ್ರಿಟನ್ನಿನ ಅನುಭವವನ್ನು ಕಾರಣವಾಗಿ ಕೊಟ್ಟರು. ಆ ಅನುಭವ ಸುಳ್ಳಲ್ಲ. ಆದರೆ ಸ್ಟಾಕ್ ಇಲ್ಲದ ದಿನಗಳಲ್ಲೇ ಆದೇಶ ಬಂದದ್ದರಿಂದ “ಇಲ್ಲ ಅನ್ನೋಕೆ ಹಿಂಗೆ ಹೇಳ್ತಾರೆ” ಅಂತ ಜನ ಆಡಿಕೊಂಡರು. ಕೆಲವು ಕಡೆ ಲಸಿಕೆ ಹಾಕಿಸದಿದ್ದರೆ ರೇಷನ್ ಇಲ್ಲ, ಪೆನ್ಶನ್ ಇಲ್ಲ ಅಂತ ಹೆದರಿಸಿದ್ದೂ ಉಂಟು. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ 2ರಂದು ಹೇಳಿತು. ಅಷ್ಟರಲ್ಲಿ ಬಹುಪಾಲು ಜನರಿಗೆ ಹಾಕಿ ಆಗಿತ್ತು.

“ಏನೂ ಆಗಲ್ಲ, ಹೋಗಿ” ಅಂದದ್ದು ನಮ್ಮ ತಪ್ಪು

ಇಲ್ಲಿ ನಮ್ಮದೂ ಒಂದು ತಪ್ಪಿದೆ. ಆ ದಿನಗಳಲ್ಲಿ ನಮ್ಮ ಕಾರ್ಯಕರ್ತೆಯರು, ನಾವು, ಎಲ್ಲರೂ ಹೇಳಿದ್ದು ಒಂದೇ ಮಾತು: “ಏನೂ ಆಗಲ್ಲ ಅಕ್ಕಾ, ಹೋಗಿ ಹಾಕಿಸ್ಕೊಳ್ಳಿ.” ಹಾಕಿಸಿಕೊಂಡ ರಾತ್ರಿಯೇ ಅನೇಕರಿಗೆ ಜ್ವರ, ಮೈಕೈ ನೋವು, ಚಳಿ. ಎರಡು ದಿನ ಕೂಲಿಗೆ ಹೋಗಲಾಗಲಿಲ್ಲ. ತೋಟದ ಕೆಲಸದವರಿಗೆ ಎರಡು ದಿನದ ಕೂಲಿ ಅಂದರೆ ಒಂದು ವಾರದ ಸಂಘದ ಕಂತು. “ಏನೂ ಆಗಲ್ಲ ಅಂದ್ರಿ, ನೋಡಿ ಏನಾಯ್ತು” ಅಂದಾಗ ನಮ್ಮ ಹತ್ತಿರ ಉತ್ತರವಿರಲಿಲ್ಲ. ಜ್ವರದ ವಿಷಯದಲ್ಲಿ ಸುಳ್ಳು ಹೇಳಿದವರು ಸಾವಿನ ವಿಷಯದಲ್ಲಿ ನಿಜ ಹೇಳ್ತಾರಾ ಅಂತ ಅವರಿಗೆ ಅನಿಸಿದ್ದರೆ ತಪ್ಪೇನಿದೆ?

ಹೇಳಬೇಕಾಗಿದ್ದ ಮಾತು ಇಷ್ಟೇ. ಲಸಿಕೆ ಅಂದರೆ ದೇಹಕ್ಕೆ ರೋಗಾಣುವಿನ ಗುರುತು ತೋರಿಸುವುದು. ಗುರುತು ಕಂಡ ದೇಹ ಎಚ್ಚೆತ್ತು ಕೆಲಸ ಶುರು ಮಾಡುತ್ತದೆ, ಅದರಿಂದಲೇ ಜ್ವರ, ನೋವು. ಒಂದೆರಡು ದಿನದಲ್ಲಿ ಇಳಿಯುತ್ತದೆ. ಕೆಲಸವಿಲ್ಲದ ದಿನ ನೋಡಿ ಹಾಕಿಸಿಕೊಳ್ಳಿ, ಪ್ಯಾರಾಸಿಟಮಾಲ್ ಇಟ್ಟುಕೊಳ್ಳಿ. ಇಷ್ಟು ಹೇಳಿದ್ದರೆ ಸಾಕಿತ್ತು.

“ಹಾಕಿಸ್ಕೊಂಡ್ರೂ ಕೊರೊನಾ ಬಂತಲ್ಲ” ಎಂಬ ದೂರೂ ಇತ್ತು. ಹೌದು, ಬಂತು. 2022ರ ಜನವರಿಯ ಓಮಿಕ್ರಾನ್ ಅಲೆಯಲ್ಲಿ ಎರಡು ಡೋಸ್ ಆದವರಿಗೂ ಬಂತು. ನಮ್ಮ ಸಂಘದ ತುರ್ತು ನಿಧಿ ಇದ್ದ ಹಾಗೆ ಅಂದುಕೊಳ್ಳಿ. ನಿಧಿ ಇದ್ದ ಮಾತ್ರಕ್ಕೆ ಮನೆಗೆ ಕಷ್ಟ ಬರುವುದಿಲ್ಲ ಅಂತಿಲ್ಲ, ಬಂದಾಗ ಒಡವೆ ಅಡ ಇಡುವ ಮಟ್ಟಕ್ಕೆ ಹೋಗುವುದಿಲ್ಲ. ಲಸಿಕೆಯೂ ಸೋಂಕನ್ನು ಪೂರ್ತಿ ತಡೆಯಲಿಲ್ಲ, ಆದರೆ ಆಸ್ಪತ್ರೆ ಸೇರುವುದನ್ನು ಮತ್ತು ಸಾವನ್ನು ಬಹಳ ತಗ್ಗಿಸಿತು. ಮಾಸ್ಕ್ ತೆಗೆದು ಬಿಸಾಡಬಹುದು ಅಂತ ಆಸೆ ಹುಟ್ಟಿಸಿದವರು ಇದನ್ನು ಮೊದಲೇ ಹೇಳಬೇಕಿತ್ತು.

ಇಷ್ಟು ಬೇಗ ಹೇಗೆ ತಯಾರಾಯ್ತು ಅಂತಲೂ ಕೇಳಿದಿರಿ. ಈ ಜಾತಿಯ ವೈರಸ್‌ಗಳ ಮೇಲೆ 2003ರ ಸಾರ್ಸ್ ರೋಗದ ಕಾಲದಿಂದಲೇ ಸಂಶೋಧನೆ ನಡೆದಿತ್ತು. ಈ ಸಲ ಸರ್ಕಾರಗಳು ಹಣ ಸುರಿದವು. ಒಂದಾದ ಮೇಲೊಂದು ಮಾಡುವ ಪರೀಕ್ಷೆಗಳನ್ನು ಜೊತೆಜೊತೆಗೆ ಮಾಡಿದರು. ಫಲಿತಾಂಶಕ್ಕೆ ಕಾಯದೆ ತಯಾರಿಕೆ ಶುರು ಮಾಡಿದರು. ಆದರೆ ಕೋವ್ಯಾಕ್ಸಿನ್‌ಗೆ 2021ರ ಜನವರಿ 3ರಂದು ಅನುಮತಿ ಕೊಟ್ಟಾಗ ಮೂರನೇ ಹಂತದ ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿರಲಿಲ್ಲ. ವಿಜ್ಞಾನಿಗಳೇ ಅದನ್ನು ಪ್ರಶ್ನಿಸಿದ್ದರು. ಫಲಿತಾಂಶ ಆಮೇಲೆ ಬಂತು, ಚೆನ್ನಾಗಿಯೇ ಬಂತು. ಆದರೂ ಅಂದು ಅನುಮಾನಪಟ್ಟವರು ದಡ್ಡರಲ್ಲ.

ಮುಟ್ಟು, ಬಸಿರು, ಧರ್ಮ

2021ರ ಏಪ್ರಿಲ್‌ನಲ್ಲಿ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡಿತು. ಮುಟ್ಟಿನ ಐದು ದಿನ ಮುಂಚೆ, ಐದು ದಿನ ನಂತರ ಹೆಣ್ಣುಮಕ್ಕಳು ಲಸಿಕೆ ಹಾಕಿಸಿಕೊಳ್ಳಬಾರದು ಅಂತ. ಅದು ಸುಳ್ಳು, ಸರ್ಕಾರವೂ ಸುಳ್ಳೆಂದು ಪ್ರಕಟಿಸಿತು. ಆದರೆ ಅದರ ಜೊತೆಗೇ ಎಷ್ಟೋ ಸಹೋದರಿಯರು “ನಂಗೆ ಈ ಸಲ ಮುಟ್ಟು ತಡವಾಯ್ತು”, “ಜಾಸ್ತಿ ಹೋಯ್ತು” ಅಂತ ಹೇಳುತ್ತಿದ್ದರು. ಅದನ್ನೂ ಸುಳ್ಳಿನ ಲೆಕ್ಕಕ್ಕೇ ಹಾಕಿ ಬಾಯಿ ಮುಚ್ಚಿಸಲಾಯಿತು. 2022ರಲ್ಲಿ ಅಮೆರಿಕದಲ್ಲಿ ಸುಮಾರು ನಾಲ್ಕು ಸಾವಿರ ಹೆಂಗಸರ ಮುಟ್ಟಿನ ಲೆಕ್ಕ ನೋಡಿದಾಗ, ಲಸಿಕೆಯ ನಂತರ ಋತುಚಕ್ರ ಸರಾಸರಿ ಒಂದು ದಿನಕ್ಕಿಂತ ಕಡಿಮೆ ಉದ್ದವಾಗುತ್ತದೆ, ಆಮೇಲೆ ಸರಿಹೋಗುತ್ತದೆ ಎಂದು ತಿಳಿಯಿತು. ಅಂದರೆ ಹೆಂಗಸರು ಹೇಳಿದ್ದು ಹುಸಿಯಲ್ಲ, ಅಪಾಯವೂ ಅಲ್ಲ. ಮಕ್ಕಳಾಗುವುದಿಲ್ಲ ಎಂಬ ಮಾತಿಗಂತೂ ಯಾವ ಆಧಾರವೂ ಸಿಗಲಿಲ್ಲ. ಬಸುರಿಯರಿಗೆ ಲಸಿಕೆ ಕೊಡಲು ಅನುಮತಿ ಬಂದದ್ದು 2021ರ ಜುಲೈ 2ಕ್ಕೆ. ಅಷ್ಟು ಹೊತ್ತಿಗೆ ಎರಡನೇ ಅಲೆ ಇಳಿದಿತ್ತು. ಆ ಅಲೆಯಲ್ಲಿ ತೀರಿಕೊಂಡ ಗರ್ಭಿಣಿಯರ ನೆನಪು ನಮ್ಮನ್ನು ಈಗಲೂ ಕಾಡುತ್ತದೆ.

ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಇನ್ನೊಂದು ಸಂಕಟವಿತ್ತು. ಗರ್ಭಪಾತವಾದ ಶಿಶುವಿನ ಜೀವಕೋಶ ಲಸಿಕೆಯಲ್ಲಿದೆ ಎಂಬ ಮಾತು. ನಿಜಸಂಗತಿ ಹೀಗಿದೆ: ಕೋವಿಶೀಲ್ಡ್ ತಯಾರಿಸಲು ಪ್ರಯೋಗಾಲಯದಲ್ಲಿ ಹಲವು ದಶಕಗಳಿಂದ ಬೆಳೆಸಿಕೊಂಡು ಬಂದ ಜೀವಕೋಶಗಳನ್ನು ಬಳಸುತ್ತಿದ್ದರು. ಅವುಗಳ ಮೂಲ 1970ರ ದಶಕದ ಒಂದು ಭ್ರೂಣ. ಲಸಿಕೆಯ ದ್ರವದಲ್ಲಿ ಆ ಜೀವಕೋಶ ಇರುವುದಿಲ್ಲ. ವ್ಯಾಟಿಕನ್‌ನ ವಿಶ್ವಾಸ ಸಿದ್ಧಾಂತದ ಪೀಠ 2020ರ ಡಿಸೆಂಬರ್ 21ರಂದು ಈ ಬಗ್ಗೆ ಟಿಪ್ಪಣಿ ಹೊರಡಿಸಿತು. ಬೇರೆ ದಾರಿ ಇಲ್ಲದಾಗ ಇಂಥ ಲಸಿಕೆ ಪಡೆಯುವುದು ನೈತಿಕವಾಗಿ ಒಪ್ಪತಕ್ಕದ್ದು, ಇದು ಗರ್ಭಪಾತವನ್ನು ಒಪ್ಪಿದಂತಲ್ಲ, ಲಸಿಕೆ ಸ್ವಇಚ್ಛೆಯದ್ದಾಗಿರಬೇಕು, ಬಡ ದೇಶಗಳಿಗೂ ತಲುಪಬೇಕು ಎಂಬುದು ಅದರ ಸಾರ. ಪೋಪ್ ಫ್ರಾನ್ಸಿಸ್‌ರವರು ತಾವೇ 2021ರ ಜನವರಿಯಲ್ಲಿ ಲಸಿಕೆ ಪಡೆದರು.

ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೀರಿ. ಕೋವ್ಯಾಕ್ಸಿನ್‌ನಲ್ಲಿ ಕರುವಿನ ರಕ್ತ ಇದೆಯಂತೆ ಎಂದು ಹಿಂದೂ ಸಹೋದರಿಯರು ಕೇಳಿದರು. ಜೀವಕೋಶ ಬೆಳೆಸುವ ಆರಂಭದ ಹಂತದಲ್ಲಿ ಕರುವಿನ ರಕ್ತದ ಸೀರಮ್ ಬಳಸುತ್ತಿದ್ದರು, ಆಮೇಲೆ ತೊಳೆದು ತೆಗೆಯುತ್ತಿದ್ದರು, ಸಿದ್ಧ ಲಸಿಕೆಯಲ್ಲಿ ಅದು ಇರಲಿಲ್ಲ.

ಹಾರ್ಟ್ ಅಟ್ಯಾಕ್‌ನ ಮಾತು

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗಿನಿಂದ ನಮ್ಮ ನಾಡಿನಲ್ಲಿ ಈ ಭಯ ದೊಡ್ಡದಾಯಿತು. 2025ರ ಮೇ, ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತ ಸುದ್ದಿ ಟಿವಿಯಲ್ಲಿ ದಿನವಿಡೀ ಬಂತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ಲಸಿಕೆಗೆ ಅವಸರದ ಅನುಮತಿ ಕೊಟ್ಟದ್ದೂ ಕಾರಣ ಇರಬಹುದು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೇಳಿದರು. ಇಲ್ಲ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಮರುದಿನವೇ ಹೇಳಿತು. ದೊಡ್ಡವರೇ ಹೀಗೆ ಎರಡು ಮಾತಾಡಿದರೆ ನಾವು ಯಾರನ್ನು ನಂಬುವುದು?

ಯಾರನ್ನೂ ಸುಮ್ಮನೆ ನಂಬಬೇಕಿಲ್ಲ. ಲೆಕ್ಕ ನೋಡೋಣ, ಲೆಕ್ಕ ನಮಗೆ ಹೊಸದಲ್ಲ.

“ಸತ್ತವರೆಲ್ಲ ಇಂಜೆಕ್ಷನ್ ಹಾಕಿಸ್ಕೊಂಡೋರೇ” ಅನ್ನುತ್ತಾರೆ. ನಿಜವೇ ಇರಬಹುದು. ದೇಶದಲ್ಲಿ ಒಟ್ಟು ಸುಮಾರು 220 ಕೋಟಿ ಡೋಸ್ ಹಾಕಲಾಗಿದೆ. ಹಾಗಾಗಿ ಬದುಕಿರುವವರೂ ಹೆಚ್ಚುಕಡಿಮೆ ಎಲ್ಲರೂ ಹಾಕಿಸಿಕೊಂಡವರೇ. ಸತ್ತವರನ್ನು ಮಾತ್ರ ನೋಡಿದರೆ ಏನೂ ತಿಳಿಯುವುದಿಲ್ಲ. ಸತ್ತವರನ್ನೂ ಬದುಕಿರುವವರನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಇದನ್ನೇ ಮಾಡಿತು. 18ರಿಂದ 45 ವರ್ಷದ, ಮೊದಲು ಆರೋಗ್ಯವಾಗಿದ್ದು 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್ ನಡುವೆ ಹಠಾತ್ತನೆ ಸತ್ತ 729 ಜನರ ವಿವರ ತೆಗೆದರು. ಒಬ್ಬೊಬ್ಬರಿಗೆ ಅದೇ ವಯಸ್ಸಿನ, ಅದೇ ಆಸುಪಾಸಿನ, ಬದುಕಿರುವ ನಾಲ್ಕು ಜನರಂತೆ 2,916 ಜನರ ವಿವರ ತೆಗೆದರು. ಲಸಿಕೆಯೇ ಕಾರಣವಾಗಿದ್ದರೆ ಸತ್ತವರಲ್ಲಿ ಲಸಿಕೆ ಪಡೆದವರು ಹೆಚ್ಚಿರಬೇಕಿತ್ತು. ಆದದ್ದು ಉಲ್ಟಾ. ಎರಡು ಡೋಸ್ ಪಡೆದವರಲ್ಲಿ ಇಂಥ ಸಾವಿನ ಸಂಭವ ಕಡಿಮೆ ಇತ್ತು. ಹೆಚ್ಚು ಮಾಡಿದ್ದು ಯಾವುದು? ಹಿಂದೆ ಕೋವಿಡ್ ಬಂದು ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವು ಆಗಿದ್ದು, ಸಾಯುವ ಎರಡು ದಿನದೊಳಗೆ ವಿಪರೀತ ಕುಡಿದದ್ದು, ಮಾದಕ ವಸ್ತು ಸೇವಿಸಿದ್ದು, ಮೈಮೀರಿ ಶ್ರಮ ಪಟ್ಟದ್ದು.

ನಮ್ಮ ರಾಜ್ಯ ಸರ್ಕಾರವೂ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತ್ತು. ಬೆಂಗಳೂರಿನ ಜಯದೇವದಲ್ಲಿ 251 ರೋಗಿಗಳನ್ನು ಅಧ್ಯಯನ ಮಾಡಿ, ಚಿಕ್ಕ ವಯಸ್ಸಿನ ಹೃದಯಕಾಯಿಲೆಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ ಎಂದು 2025ರ ಜುಲೈನಲ್ಲಿ ವರದಿ ಕೊಟ್ಟಿತು.

ಹಾಗಾದರೆ ಲಸಿಕೆಯಿಂದ ಯಾರಿಗೂ ಏನೂ ಆಗಿಲ್ಲವಾ? ಆಗಿದೆ. ಮತ್ತೆ “ಏನೂ ಆಗಲ್ಲ” ಅಂತ ಹೇಳಲು ನಾವು ತಯಾರಿಲ್ಲ. 2021ರ ಮಾರ್ಚ್‌ನಲ್ಲಿ 68 ವರ್ಷದ ಒಬ್ಬರು ಲಸಿಕೆಯ ತೀವ್ರ ಅಲರ್ಜಿಯಿಂದ ಸತ್ತದ್ದನ್ನು ಸರ್ಕಾರದ ಸಮಿತಿಯೇ ಒಪ್ಪಿದೆ. ಕೋವಿಶೀಲ್ಡ್ ಬಗೆಯ ಲಸಿಕೆಯಿಂದ ಬಹಳ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿ, ಜೊತೆಗೆ ರಕ್ತದ ಪ್ಲೇಟ್‌ಲೆಟ್ ಇಳಿಯುವ ಕಾಯಿಲೆ ಬರುತ್ತದೆ. ಬ್ರಿಟನ್ನಿನಲ್ಲಿ 50 ವರ್ಷದೊಳಗಿನವರಲ್ಲಿ ಸುಮಾರು 50 ಸಾವಿರಕ್ಕೆ ಒಬ್ಬರಂತೆ ಕಂಡಿತು. ಅಲ್ಲಿ 2021ರ ಮೇ ತಿಂಗಳಲ್ಲೇ 40ರೊಳಗಿನವರಿಗೆ ಬೇರೆ ಲಸಿಕೆ ಕೊಡಲು ಹೇಳಿದರು. ನಮ್ಮಲ್ಲಿ ಅದೇ ತಿಂಗಳು ಸರ್ಕಾರದ ಸಮಿತಿ 26 ಪ್ರಕರಣ ಲೆಕ್ಕ ಹಾಕಿ, ಹತ್ತು ಲಕ್ಷ ಡೋಸ್‌ಗೆ 0.61 ಅಂದಿತು. ವರದಿಯಾದವು ಇಷ್ಟು. ಹಳ್ಳಿಯಲ್ಲಿ ಸತ್ತದ್ದೆಲ್ಲ ವರದಿಯಾಗುವುದಿಲ್ಲ ಎಂಬುದು ನಿಮಗೂ ಗೊತ್ತು, ನಮಗೂ ಗೊತ್ತು. 2024ರಲ್ಲಿ ಕಂಪನಿ ಲಂಡನ್ನಿನ ಕೋರ್ಟಿನಲ್ಲಿ ಇದನ್ನು ಒಪ್ಪಿದೆ ಎಂದು ಸುದ್ದಿ ಬಂದಾಗ ಹೊಸ ಗುಟ್ಟು ಹೊರಬಿದ್ದಂತೆ ಊರೆಲ್ಲ ಗಾಬರಿಯಾಯಿತು. ಮೂರು ವರ್ಷ ಮೊದಲೇ ಗೊತ್ತಿದ್ದದ್ದನ್ನು ಶಿಬಿರದಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳಿದ್ದರೆ ಈ ಗಾಬರಿ ಇರುತ್ತಿರಲಿಲ್ಲ.

ಈ ಕಾಯಿಲೆ ಬರುವುದಿದ್ದರೆ ಸಾಮಾನ್ಯವಾಗಿ ಲಸಿಕೆ ಹಾಕಿದ ನಾಲ್ಕು ದಿನದಿಂದ ಆರು ವಾರದೊಳಗೆ ಬರುತ್ತದೆ. ನೀವು ಹಾಕಿಸಿಕೊಂಡು ವರ್ಷಗಳೇ ಕಳೆದವು. ಇಂದು ಎದೆ ನೋವು ಬಂದರೆ ಅದು ಅಂದಿನ ಇಂಜೆಕ್ಷನ್ ಅಂತ ಕೂರಬೇಡಿ.

ನಮಗೆ ಹೆಚ್ಚು ಚಿಂತೆ ಇರುವುದು ಇಲ್ಲೇ. “ಎಲ್ಲಾ ಆ ಸೂಜಿಯಿಂದ” ಅಂತ ಹೇಳುವ ಮನೆಯಲ್ಲಿ ಬಿಪಿ ನೋಡಿಸಿ ಎರಡು ವರ್ಷವಾಗಿರುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ಅರ್ಧಕ್ಕೆ ನಿಂತಿರುತ್ತದೆ, ಗಂಡನ ಬೀಡಿ ನಿಂತಿರುವುದಿಲ್ಲ. ಹೆಂಗಸರಿಗೆ ಹೃದಯಾಘಾತದಲ್ಲಿ ಎದೆ ನೋವೇ ಬರಬೇಕೆಂದಿಲ್ಲ. ಉಸಿರು ಕಟ್ಟುವುದು, ತಣ್ಣನೆ ಬೆವರು, ದವಡೆ ಅಥವಾ ಬೆನ್ನಿನ ನೋವು, ವಿಪರೀತ ಸುಸ್ತು ಇವೂ ಲಕ್ಷಣವೇ. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗಬೇಡಿ. ಪುನೀತ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇದು ಇದೆ ಎಂದು ಈಗಲೇ ವಿಚಾರಿಸಿ, ನಿರ್ಣಯ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ.

ಮೊಮ್ಮಗಳ ಚುಚ್ಚುಮದ್ದು

ಆ ತಾಯಿಗೆ ನಾವು ಹೇಳಿದ್ದು ಇದು. ಕೊರೊನಾ ಲಸಿಕೆಯೇ ಬೇರೆ, ದಡಾರ–ರುಬೆಲ್ಲಾ ಲಸಿಕೆಯೇ ಬೇರೆ. ದಡಾರದ ಲಸಿಕೆ ನಮ್ಮ ಸರ್ಕಾರದ ಕಾರ್ಯಕ್ರಮದಲ್ಲಿ 1985ರಿಂದಲೂ ಇದೆ. ಬೇಡ ಅನ್ನುವ ಆ ಮಗನೇ ಚಿಕ್ಕವನಿದ್ದಾಗ ಅದನ್ನು ಹಾಕಿಸಿಕೊಂಡಿದ್ದಾನೆ. ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಇನ್ನೊಂದು. 2017ರ ಫೆಬ್ರವರಿಯಲ್ಲಿ ಶಾಲೆಗಳಲ್ಲಿ ಈ ಲಸಿಕೆ ಹಾಕಿದಾಗಲೂ ವಾಟ್ಸಾಪ್‌ನಲ್ಲಿ ಇಂಥವೇ ಮಾತು ಬಂದಿದ್ದವು, ನೆನಪಿರಬಹುದು.

ಮಗುವಿಗೆ ಏನಾಗಬಹುದು ಅಂತಲೂ ಹೇಳಿದೆವು. ಕೆಲವು ಮಕ್ಕಳಿಗೆ ವಾರ, ಹತ್ತು ದಿನ ಬಿಟ್ಟು ಜ್ವರ, ಮೈಮೇಲೆ ಸಣ್ಣ ಗುಳ್ಳೆ ಬರುತ್ತವೆ, ತಾನಾಗಿ ಹೋಗುತ್ತವೆ. ಲಕ್ಷಾಂತರದಲ್ಲಿ ಒಂದು ಮಗುವಿಗೆ ತೀವ್ರ ಅಲರ್ಜಿ ಆಗಬಹುದು. ಅದು ಬಂದರೆ ಬಹುತೇಕ ಮೊದಲ ನಿಮಿಷಗಳಲ್ಲೇ ಬರುತ್ತದೆ. ಅದಕ್ಕೇ ಅರ್ಧ ಗಂಟೆ ಅಲ್ಲೇ ಕೂರಿ ಅನ್ನುವುದು. ಬಸ್ ತಪ್ಪುತ್ತದೆ ಅಂತ ಎದ್ದು ಬರಬೇಡಿ. ಮುಖ ಊದಿದರೆ, ಉಸಿರಾಟ ಕಷ್ಟವಾದರೆ, ಮಗು ಜೋತುಬಿದ್ದರೆ ತಕ್ಷಣ ನರ್ಸಮ್ಮನಿಗೆ ತೋರಿಸಿ. ಮನೆಗೆ ಬಂದ ಮೇಲೆ ಫಿಟ್ಸ್ ಬಂದರೆ, ಇಳಿಯದ ಜ್ವರವಿದ್ದರೆ, ಮಗು ಗಂಟೆಗಟ್ಟಲೆ ಅಳು ನಿಲ್ಲಿಸದಿದ್ದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಒಯ್ಯಿರಿ. ಯಾವತ್ತು ಯಾವ ಚುಚ್ಚುಮದ್ದು ಹಾಕಿದ್ದು ಅಂತ ಹೇಳಿ. ಲಸಿಕೆಯ ನಂತರದ ತೊಂದರೆಯನ್ನು ವೈದ್ಯಾಧಿಕಾರಿ ಮೇಲಕ್ಕೆ ವರದಿ ಮಾಡಬೇಕು ಎಂಬ ನಿಯಮವಿದೆ. “ವರದಿ ಬರೆದ್ರಾ ಸಾರ್?” ಅಂತ ಕೇಳುವುದು ನಿಮ್ಮ ಹಕ್ಕು. ಕೇಳಲು ಒಬ್ಬರಿಗೆ ಸಂಕೋಚವಾದರೆ ಸಂಘದಿಂದ ನಾಲ್ಕು ಜನ ಜೊತೆಗೆ ಹೋಗಿ.

ಅವರು ಎಲ್ಲ ಕೇಳಿಸಿಕೊಂಡು, ಸೆರಗಿನಲ್ಲಿ ಸುತ್ತಿಟ್ಟಿದ್ದ ತಾಯಿ ಕಾರ್ಡ್ ತೆಗೆದು ತೋರಿಸಿದರು. ಹದಿನಾಲ್ಕನೇ ವಾರದವರೆಗಿನದ್ದೆಲ್ಲ ಸರಿಯಾಗಿ ಬರೆದಿತ್ತು. ಆಮೇಲೆ ಕೇಳಿದರು: “ಗುರುವಾರ ಎಷ್ಟು ಗಂಟೆಗೆ ಮೇಡಂ? ಮಗನ್ನೂ ಕರ್ಕೊಂಡೇ ಬರ್ತೀನಿ. ನಂಗೆ ಹೇಳಿದ್ದನ್ನೆಲ್ಲ ನರ್ಸಮ್ಮ ಅವನಿಗೂ ಒಂದ್ಸಲ ಹೇಳ್ಲಿ.”